ಉರ್ಹೋ ಪೆಲ್ಕೊನೆನ್ ಹುಡುಕಿದ ಕಲ್ಲುರಾಶಿ

ಉರ್ಹೋ ಪೆಲ್ಕೊನೆನ್ ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆ ಇಲಾಖೆಯಲ್ಲಿ ಚಳಿಗಾಲದಲ್ಲಿ ಹಿಮ ತಳ್ಳುವ ಯಂತ್ರವನ್ನೂ ಬೇಸಿಗೆಯಲ್ಲಿ ಮಣ್ಣುದಾರಿ ಸಮ ಮಾಡುವ ಯಂತ್ರವನ್ನೂ ನಡೆಸುತ್ತಿದ್ದ. ಹಿಮ ತಳ್ಳುವವರಿಗೆ ನಮ್ಮ ಕಡೆ ಒಳ್ಳೆಯ ಹೆಸರು ಬರುವುದು ಕಷ್ಟ. ರಸ್ತೆ ಸ್ವಚ್ಛವಾಗುತ್ತದೆ, ಆದರೆ ತಳ್ಳಿದ ಹಿಮವೆಲ್ಲ ಮನೆಮನೆಯ ಬಾಗಿಲ ದಾರಿಗೆ ಅಡ್ಡವಾಗಿ ಬೀಳುತ್ತದೆ. ಉರ್ಹೋ ಮಾತ್ರ ಮುದುಕರ ಮನೆಯ ಮುಂದೆ, ರೋಗಿಗಳ ಮನೆಯ ಮುಂದೆ ಯಂತ್ರದ ಅಲಗನ್ನು ಎತ್ತಿ ಹಿಮವನ್ನು ದಾಟಿಸಿ ಮುಂದೆ ಹೋಗುತ್ತಿದ್ದ. ಆ ಮನೆಗಳ ಪಟ್ಟಿಯಲ್ಲಿ ಗಟ್ಟಿಮುಟ್ಟಾದ ಒಬ್ಬನ ಮನೆಯೂ ಇತ್ತು. ಅದು ಅವನ ತಮ್ಮ ತೌನೋನ ಮನೆ. ತೌನೋನೊಡನೆ ಅವನು ಹನ್ನೊಂದು ವರ್ಷ ಮಾತನಾಡಿರಲಿಲ್ಲ. ಆದರೂ ಆ ಮನೆಯ ಮುಂದೆ ಅಲಗು ಎತ್ತುವುದನ್ನು ಒಂದು ಬೆಳಿಗ್ಗೆಯೂ ಮರೆತವನಲ್ಲ.

ನಾನು ಅದೇ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಉರ್ಹೋ ನನ್ನ ನೆರೆಯವನು. ವರ್ಷದ ಕೊನೆಯ ಮೀನು ಬೇಟೆಗೆ ಅವನ ದೋಣಿಯಲ್ಲಿ ನನಗೊಂದು ಜಾಗವಿರುತ್ತಿತ್ತು. ಅದಕ್ಕೆ ನನ್ನ ಚಾತುರ್ಯ ಕಾರಣವಲ್ಲ. ನಾನು ಸುಮ್ಮನೆ ಕೂರಬಲ್ಲೆ ಎಂಬುದಷ್ಟೇ ಕಾರಣ.

ಫಿನ್‌ಲೆಂಡಿನಿಂದ ಬಂದು ನೆಲೆಸಿದ ನಮ್ಮೂರಿನ ಜನರಿಗೆ ಮೀನೆಂದರೆ ವಾಲೈ, ಇಲ್ಲವೇ ಬಿಳಿಮೀನು. ಸಣ್ಣಬಾಯಿಯ ಬಾಸ್ ಮೀನನ್ನು ಹಿಡಿಯುವವನನ್ನು ಅವರು ಕನಿಕರದಿಂದ ನೋಡುತ್ತಿದ್ದರು. ಉರ್ಹೋನಿಗೆ ಆ ಮೀನೇ ಬೇಕು. ಕಂಚಿನ ಮೈ, ಕೆಂಪು ಕಣ್ಣು, ಪಕ್ಕೆಯ ಮೇಲೆ ಕಪ್ಪು ಪಟ್ಟಿ. ಮೂರು ಸೇರಿನ ಮೈಯಲ್ಲಿ ಹತ್ತು ಸೇರಿನ ಹಟ. ಬೇಸಿಗೆಯಲ್ಲಿ ಅದು ದಡದ ಬಂಡೆಗಳ ನಡುವೆ ಆಡುತ್ತಿರುತ್ತದೆ. ಶಾಲೆಯ ಮಕ್ಕಳೂ ಹಿಡಿಯುತ್ತಾರೆ. ಎಲೆಯೆಲ್ಲ ಉದುರಿ ನೀರು ಕೈ ಕೊರೆಯುವಷ್ಟು ತಣ್ಣಗಾದ ಮೇಲೆ ಮಾತ್ರ ಅದು ಆಳಕ್ಕೆ ಇಳಿದುಬಿಡುತ್ತದೆ. ಆಳದಲ್ಲಿ ಎಲ್ಲಿ ಕಲ್ಲಿದೆಯೋ ಅಲ್ಲಿಗೆ, ಮದುವೆ ಮನೆಗೆ ನೆಂಟರು ಬಂದಂತೆ, ಸುತ್ತಲಿನ ಮೀನೆಲ್ಲ ಬಂದು ಸೇರುತ್ತದೆ. ಆ ಕಲ್ಲು ಸಿಕ್ಕರೆ ದಿನವೆಲ್ಲ ಮೀನು. ಸಿಗದಿದ್ದರೆ ದಿನವೆಲ್ಲ ಗಾಳಿ.

ತೊಂದರೆಯೆಂದರೆ, ನಮ್ಮ ಊರಿನ ಕಡೆಯ ಸರೋವರದ ತಳವೆಲ್ಲ ಬರಿಯ ಕೆಸರು.

ಉರ್ಹೋ, ತೌನೋ ಇಬ್ಬರ ತಂದೆ ಹೈಕ್ಕಿ ಪೆಲ್ಕೊನೆನ್ ಕಾಡು ಕಡಿದು ಹೊಲ ಮಾಡಿದವರು. ಪ್ರತಿ ವಸಂತದಲ್ಲಿ, ಹೆಪ್ಪುಗಟ್ಟಿದ್ದು ಕರಗುವಾಗ, ನಮ್ಮ ನೆಲ ಹೊಸದಾಗಿ ಕಲ್ಲುಗಳನ್ನು ಮೇಲಕ್ಕೆ ಎತ್ತುತ್ತದೆ. ಅವನ್ನು ಆಯ್ದು ಆಯ್ದು ಹೊಲದ ಅಂಚಿನಲ್ಲಿ ಅವರು ಹಾಕಿದ ರಾಶಿ ನಲವತ್ತು ವರ್ಷದಲ್ಲಿ ಕೊಟ್ಟಿಗೆಯಷ್ಟು ಎತ್ತರವಾಗಿತ್ತು. ಅವರು ತೀರಿಕೊಂಡ ವರ್ಷ, ಅಂದರೆ ಅರವತ್ತೆಂಟನೆಯ ಇಸವಿಯ ಫೆಬ್ರವರಿಯಲ್ಲಿ, ಉರ್ಹೋನಿಗೆ ಒಂದು ಯೋಚನೆ ಹೊಳೆಯಿತು. ಅಪ್ಪನ ಕಲ್ಲನ್ನೆಲ್ಲ ಸರೋವರಕ್ಕೆ ಕೊಟ್ಟರೆ ಬಾಸ್ ಮೀನಿಗೆ ಒಂದು ಮನೆಯಾಗುತ್ತದೆ, ಅಪ್ಪನ ದುಡಿಮೆಗೂ ಒಂದು ಅರ್ಥ ಬರುತ್ತದೆ.

ಕಲ್ಲು ಮುಳುಗಿಸುವ ಬಗೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಸರೋವರದ ಮೇಲೆ ಎರಡೂವರೆ ಅಡಿ ಮಂಜುಗಡ್ಡೆ ಕಟ್ಟಿರುತ್ತದೆ, ಲಾರಿಯನ್ನೇ ಓಡಿಸಬಹುದು. ಬೇಕಾದ ಕಡೆ ಮರದ ದಿಮ್ಮಿಗಳ ಚೌಕಟ್ಟು ಇಟ್ಟು, ಅದರಲ್ಲಿ ಕಲ್ಲು ತುಂಬಿ, ತಂತಿಯಿಂದ ಬಿಗಿದು ಬಂದುಬಿಡುವುದು. ಏಪ್ರಿಲಿನಲ್ಲಿ ಗಡ್ಡೆ ಕರಗಿದಾಗ ರಾಶಿ ತಾನಾಗಿ ತಳ ಸೇರುತ್ತದೆ. ಅಣ್ಣತಮ್ಮಂದಿರು ಮೂರು ವಾರ ಜಾರುಬಂಡಿಯಲ್ಲಿ ಕಲ್ಲು ಎಳೆದರು. ಉರ್ಹೋ ತಂತಿ ಬಿಗಿದ. ಕಣ್ಣು ಚುರುಕಾಗಿದ್ದ ತೌನೋ ಗುರುತು ಹಿಡಿದ. ಗುರುತೆಂದರೆ ಎರಡು ಗೆರೆ: ಚರ್ಚಿನ ಗೋಪುರ ಭೂಶಿರದ ತುದಿಯ ಮೇಲೆ ಬರಬೇಕು, ಮರ ಕೊಯ್ಯುವ ಕಾರ್ಖಾನೆಯ ಚಿಮಣಿ ದೊಡ್ಡ ಪೈನ್ ಮರದ ಬಲಕ್ಕೆ ತಾಗಬೇಕು. ಎರಡು ಗೆರೆ ಕೂಡುವ ಕಡೆ ದೋಣಿ ನಿಲ್ಲಿಸಿದರೆ, ಕೆಳಗೆ ಐದು ಮಾರು ಆಳದಲ್ಲಿ ಕಲ್ಲು. ಹಾಳೆಯ ಮೇಲೆ ಯಾರೂ ಬರೆಯಲಿಲ್ಲ. ಬರೆದರೆ ಇನ್ನೊಬ್ಬರು ಓದುತ್ತಾರೆ.

ಏಪ್ರಿಲಿನಲ್ಲಿ ಎರಡು ದಿನ ದಟ್ಟ ಮಂಜು ಕವಿದು, ಅದು ತೆರೆಯುವಷ್ಟರಲ್ಲಿ ಗಡ್ಡೆ ಹೋಗಿ ನೀಲಿ ನೀರು ಕಾಣುತ್ತಿತ್ತು. ರಾಶಿ ಮುಳುಗಿತ್ತು. ಇಬ್ಬರೂ ಕೈಕುಲುಕಿದರು.

ಆ ವರ್ಷದ ನವೆಂಬರಿನಲ್ಲಿ ಉರ್ಹೋ ಹೋಗಿ ಆ ಎರಡು ಗೆರೆ ಕೂಡಿಸಿ ನಿಂತ. ತಳ ಮುಟ್ಟಿ ನೋಡಲು ದಾರಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟ. ಕೆಸರು. ಹತ್ತು ಅಡಿ ಆಚೆ ಬಿಟ್ಟ. ಕೆಸರು. ಎರಡು ಶನಿವಾರ ಹುಡುಕಿದರೂ ಒಂದು ಕಲ್ಲೂ ತಾಗಲಿಲ್ಲ. ಅದೇ ವಾರ ತೌನೋ ಎರಡು ದಪ್ಪ ಬಾಸ್ ಮೀನುಗಳನ್ನು ಹಗ್ಗಕ್ಕೆ ಪೋಣಿಸಿಕೊಂಡು ಅಂಗಡಿಯ ಮುಂದೆ ಹಾದು ಹೋದ. ಎಲ್ಲಿ ಸಿಕ್ಕಿತೆಂದು ಉರ್ಹೋ ಕೇಳಿದ. ತೌನೋ ನಕ್ಕು, "ನೀರಲ್ಲಿ" ಎಂದ.

ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಅದೇ. ಬೇರೆ ಯಾರಾದರೂ ಹೇಳಿದ್ದರೆ ಉರ್ಹೋನೂ ನಗುತ್ತಿದ್ದ. ಆದರೆ ಅವನ ಮನಸ್ಸಿನಲ್ಲಿ ಅದು ಮುಳ್ಳಾಗಿ ನಿಂತಿತು. ಪ್ರವಾಸಿಗರನ್ನು ಮೀನಿಗೆ ಕರೆದೊಯ್ಯುವ ಕೆಲಸ ತೌನೋನದು. ಒಳ್ಳೆಯ ಜಾಗವನ್ನು ತನಗೇ ಇಟ್ಟುಕೊಂಡು ಅಣ್ಣನಿಗೆ ಸುಳ್ಳು ಗುರುತು ಕೊಟ್ಟಿದ್ದಾನೆ ಎಂದು ಉರ್ಹೋ ಲೆಕ್ಕ ಹಾಕಿದ. ಚರ್ಚಿನ ಮೆಟ್ಟಿಲ ಮೇಲೆ, ನಾಲ್ಕು ಜನರೆದುರು, ತಮ್ಮನನ್ನು ಸುಳ್ಳನೆಂದ. ತೌನೋ ಬಿಳಿಚಿಕೊಂಡ. ಒಂದು ಮಾತೂ ಆಡದೆ ಟೋಪಿ ಹಾಕಿಕೊಂಡು ಹೊರಟುಹೋದ. ಉತ್ತರ ಬಾರದ್ದೇ ಉರ್ಹೋನಿಗೆ ಸಾಕ್ಷಿಯಾಯಿತು.

ಅಲ್ಲಿಂದ ಪ್ರತಿ ನವೆಂಬರಿನಲ್ಲೂ ಅವನು ಹುಡುಕಿದ. ಆ ಗೆರೆಗಳ ಸುತ್ತ ನೂರು ಮಾರು ದೂರದವರೆಗೆ ಸರೋವರದ ತಳದಲ್ಲಿ ಅವನ ಸೀಸದ ಗುಂಡು ಮುಟ್ಟದ ಜಾಗವಿರಲಿಲ್ಲ. ಅವನ ಹೆಂಡತಿ ಲೆಂಪಿ ನನಗೆ ಕಾಫಿ ಬಗ್ಗಿಸುತ್ತ, "ಇವ್ರು ಮನುಷ್ಯರ ಹತ್ರ ಮಾತು ಬಿಟ್ರು ಮೇಷ್ಟ್ರೇ, ಈಗ ಕೆಸರಿನ ಹತ್ರ ವಿಚಾರಣೆ ನಡೆಸ್ತಿದಾರೆ" ಎನ್ನುತ್ತಿದ್ದಳು. ತಾನು ಸುಟ್ಟ ಏಲಕ್ಕಿ ಬ್ರೆಡ್ಡಿನಲ್ಲಿ ಅರ್ಧವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲೇ ಮೈದುನನಿಗೆ ಕಳಿಸುತ್ತಿದ್ದಳು. ಉರ್ಹೋ ಕಿಟಕಿಯ ಕಡೆ ತಿರುಗಿ ಅದನ್ನು ಕಾಣದವನಂತೆ ಇರುತ್ತಿದ್ದ.

ಒಮ್ಮೆ ದೋಣಿಯಲ್ಲಿ ಅವನು ತಾನಾಗಿ ಹೇಳಿದ: "ಮೀನಿಗಲ್ಲ ಮೇಷ್ಟ್ರೇ ನಾನು ಬರೋದು. ಅವನು ಹೇಳಿದ ಕಡೆ ಕಲ್ಲು ಸಿಕ್ಕಿದ್ರೆ ನಾನೇ ಹೋಗಿ ಅವನ ಕೈ ಹಿಡೀತೀನಿ. ಬೇರೆ ಕಡೆ ಸಿಕ್ಕಿದ್ರೆ ಅವನು ಸುಳ್ಳ. ಎರಡರಲ್ಲಿ ಒಂದು ಗೊತ್ತಾಗ್ಬೇಕು ನಂಗೆ. ಗೊತ್ತಾಗ್ದೆ ಸಾಯೋಕೆ ಮನಸ್ಸಿಲ್ಲ."

ಎಪ್ಪತ್ತೊಂಬತ್ತರ ನವೆಂಬರ್, ಎರಡನೆಯ ಶನಿವಾರ. ದಡದ ಹುಲ್ಲಿನ ಮೇಲೆಲ್ಲ ಮಂಜಿನ ಹರಳು. ಪಡುವಣ ಗಾಳಿ. ಉರ್ಹೋ ಎಂದಿನಂತೆ ಗೋಪುರವನ್ನೂ ಚಿಮಣಿಯನ್ನೂ ಕೂಡಿಸಿ ನನಗೆ ಲಂಗರು ಬಿಡಲು ಹೇಳಿದ. ನಾನು ಬಿಟ್ಟೆ. ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಿದ್ದವನೂ ನಾನೇ. ಕಾಫಿ ಕುಡಿದು, ಬ್ರೆಡ್ಡು ತಿಂದು, ಅವನು ಗಾಳ ಇಳಿಬಿಟ್ಟು ಕುಳಿತ ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿ ನೋಡುತ್ತಾನೆ, ಗೋಪುರ ಎಲ್ಲೋ, ಭೂಶಿರ ಎಲ್ಲೋ. ಗಂಟು ಬಿಚ್ಚಿಕೊಂಡು ಲಂಗರು ನೀರು ಪಾಲಾಗಿತ್ತು. ಗಾಳಿ ನಮ್ಮನ್ನು ಮೂಡಲಿಗೆ ಕಾಲು ಮೈಲಿಯಾದರೂ ತಳ್ಳಿತ್ತು.

"ವ್ಯಾಕರಣ ಕಟ್ಟೋಕೆ ಬರುತ್ತೆ ನಿಮ್ಗೆ, ಹಗ್ಗ ಕಟ್ಟೋಕೆ ಬರಲ್ಲ" ಎಂದ. ಅದು ನ್ಯಾಯವಾದ ಮಾತು.

ಮೋಟಾರು ಚಳಿಗೆ ಹತ್ತಲಿಲ್ಲ. ಅವನು ಅದರ ಹಗ್ಗ ಎಳೆಯುತ್ತಿದ್ದಾಗ, ಮರೆತು ನೀರಿನಲ್ಲೇ ಬಿಟ್ಟಿದ್ದ ಗಾಳದ ದಾರ ಒದ್ದೆ ಬಟ್ಟೆ ಸಿಕ್ಕಿಕೊಂಡಂತೆ ಭಾರವಾಯಿತು. ಚಳಿಗಾಲ ಹತ್ತಿರವಾದಾಗ ಬಾಸ್ ಮೀನು ಕಚ್ಚುವುದು ಹಾಗೆಯೇ. ಎಳೆತವಿಲ್ಲ, ಬರಿಯ ತೂಕ. ಉರ್ಹೋ ಕೋಲು ಹಿಡಿದ. ಆಳದಿಂದ ಅವಸರವಾಗಿ ಎಳೆದರೆ ಮೀನಿನ ಹೊಟ್ಟೆ ಉಬ್ಬಿ ಅದು ಮತ್ತೆ ಮುಳುಗಲಾರದು. ಅವನು ಮಗುವನ್ನು ತೊಟ್ಟಿಲಿನಿಂದ ಎತ್ತುವಷ್ಟು ನಿಧಾನವಾಗಿ ಎತ್ತಿದ. ಐದು ಸೇರಿಗೆ ಕಡಿಮೆಯಿಲ್ಲದ ಮೀನು. ಕೊಕ್ಕೆ ಬಿಡಿಸಿ, ತಲೆ ಕೆಳಗೆ ಮಾಡಿ ನೀರಿಗೆ ಬಿಟ್ಟ. ದೋಣಿ ತೇಲಿಹೋಗದಂತೆ ನಾನು ಹುಟ್ಟು ಹಾಕುತ್ತ ತಡೆದೆ, ಅವನು ಮತ್ತೆ ಗಾಳ ಇಳಿಸಿದ. ಇನ್ನೊಂದು. ಕೆಸರಿನ ಮೇಲೆ ಇಷ್ಟು ಮೀನು ಇರಲು ಕಾರಣವೇ ಇಲ್ಲ. ಅವನು ಗಾಳ ಬಿಟ್ಟು ಸೀಸದ ಗುಂಡು ಇಳಿಸಿದ. ದಾರದ ಮೇಲೆ ಬೆರಳಿಟ್ಟು ಕುಳಿತ. ಗುಂಡು ತಳ ಮುಟ್ಟಿದ್ದು ಅವನ ಬೆರಳಿಗೆ ತಿಳಿಯಿತು. ಅವನ ಮುಖದಿಂದ ನನಗೂ ತಿಳಿಯಿತು. ಕಲ್ಲು.

ಮೂರನೆಯ ಸಲ ಬಿಟ್ಟ ಗಾಳ ಏನಕ್ಕೋ ಸಿಕ್ಕಿಕೊಂಡಿತು. ಎಳೆದೆಳೆದು ಬಿಡಿಸಿದಾಗ ಮೇಲೆ ಬಂದದ್ದು ತುಕ್ಕು ಹಿಡಿದ ಒಂದು ಗೇಣು ಬೇಲಿಯ ತಂತಿ. ಅದರ ತುದಿಯನ್ನು ಮೂರು ಸುತ್ತು ತಿರುಚಿ, ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಿಸಲಾಗಿತ್ತು. ನಮ್ಮ ಊರಿನಲ್ಲಿ ಹಾಗೆ ತಂತಿ ಮಡಿಸುವವನು ಒಬ್ಬನೇ. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನೆದುರು ಕುಳಿತಿದ್ದ.

"ಸುಳ್ಳ" ಎಂದ ಮೆಲ್ಲಗೆ. ಅದರಲ್ಲಿ ಸಿಟ್ಟಿರಲಿಲ್ಲ. ಗೆದ್ದವನ ಸಂತೋಷವಂತೂ ಇರಲೇ ಇಲ್ಲ. ಹನ್ನೊಂದು ವರ್ಷ ಅವನು ಒಳಗೊಳಗೆ ಬೇರೆ ಉತ್ತರವನ್ನೇ ಬಯಸಿದ್ದನೆಂದು ನನಗೆ ಆಗ ಗೊತ್ತಾಯಿತು.

ನಾನು ಮೂಡಲ ದಡವನ್ನು ನೋಡಿದೆ. ಅಲ್ಲಿ ಪ್ರವಾಸಿ ಮನೆಗಳ ಧಕ್ಕೆಗಳು ಸಾಲಾಗಿ ಕಾಣುತ್ತಿದ್ದವು. ಎಲ್ಲವೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಏಕೆ ಒಂದೇ ವಯಸ್ಸು ಎಂಬುದು ನೆನಪಿಗೆ ಬಂತು.

"ಉರ್ಹೋ, ಆ ಧಕ್ಕೆಗಳನ್ನ ಹೊಸದಾಗಿ ಕಟ್ಟಿದ್ದು ಯಾವ ವರ್ಷ?" ಎಂದು ಕೇಳಿದೆ.

"ಅರವತ್ತೆಂಟು. ಗಡ್ಡೆ ದಡಕ್ಕೆ ನುಗ್ಗಿ ಹಳೇವನ್ನೆಲ್ಲ ಪುಡಿ ಮಾಡ್ತಲ್ಲ. ರಸ್ತೆ ಮೇಲೆ ಬಿದ್ದಿದ್ದನ್ನ ನಾನೇ ಮೂರು ದಿನ ತಳ್ಳಿದೀನಿ."

"ಯಾವ ಗಾಳಿಗೆ ನುಗ್ಗಿತು?"

ಅವನು ಪಡುವಣಕ್ಕೆ ತಿರುಗಿ ಗೋಪುರವನ್ನು ನೋಡಿದ. ತಿರುಗಿ ಧಕ್ಕೆಗಳನ್ನು ನೋಡಿದ. ಎರಡರ ನಡುವೆ, ಗಾಳಿಯ ನೇರಕ್ಕೆ, ನಮ್ಮ ದೋಣಿ. ಆ ಮಂಜು ಕವಿದ ಎರಡು ದಿನಗಳಲ್ಲಿ ದಡದಿಂದ ಬಿಟ್ಟುಕೊಂಡ ಗಡ್ಡೆ, ಕಲ್ಲಿನ ರಾಶಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಕಾಲು ಮೈಲಿ ನಡೆದು, ಇಲ್ಲಿ ಇಳಿಸಿ, ಮುಂದೆ ಹೋಗಿ ಧಕ್ಕೆಗಳಿಗೆ ಬಡಿದಿತ್ತು. ಗುರುತು ಸರಿಯಾಗಿತ್ತು. ಆದರೆ ಅವರು ಗುರುತು ಹಿಡಿದದ್ದು ಗಡ್ಡೆಗೆ, ತಳಕ್ಕಲ್ಲ. ಇಡೀ ಊರಿಗೆ ಎರಡೂ ಸಂಗತಿ ಗೊತ್ತಿತ್ತು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿದವರು ನಾನೂ ಸೇರಿ ಯಾರೂ ಇರಲಿಲ್ಲ.

ಉರ್ಹೋ ಮತ್ತೆ ಗಾಳ ಹಾಕಲಿಲ್ಲ. ಮೋಟಾರು ಹತ್ತುವವರೆಗೂ ಕಾಯದೆ ಹುಟ್ಟು ಹಿಡಿದ. ಗಾಳಿಗೆ ಎದುರಾಗಿ ಮುಕ್ಕಾಲು ಗಂಟೆ ಹುಟ್ಟು ಹಾಕಿದ. ನನಗೆ ಕೈ ಹಾಕಲೂ ಬಿಡಲಿಲ್ಲ.

ತೌನೋ ಏಣಿಯ ಮೇಲೆ ನಿಂತು ಕಿಟಕಿಗಳಿಗೆ ಚಳಿಗಾಲದ ಎರಡನೆಯ ಗಾಜು ಕೂರಿಸುತ್ತಿದ್ದ. ಅಣ್ಣ ತನ್ನ ಅಂಗಳಕ್ಕೆ ಬರುವುದನ್ನು ಕಂಡು ಕೈಯಲ್ಲಿದ್ದ ಮೊಳೆಗಳನ್ನು ಜೇಬಿಗೆ ಹಾಕಿಕೊಂಡ. ಇಳಿಯಲಿಲ್ಲ.

"ಕಲ್ಲು ಸಿಕ್ತು" ಎಂದ ಉರ್ಹೋ.

"ಎಲ್ಲಿ?"

"ನೀನು ಹೇಳಿದ ಕಡೆ ಅಲ್ಲ. ಅದಕ್ಕೆ ಮೂಡಲಲ್ಲಿ, ಕಾಲು ಮೈಲಿ."

ತೌನೋನ ಮುಖ ಇಳಿದುಹೋಯಿತು. ಏಣಿಯ ಮೇಲೆಯೇ ತಿರುಗಿ ಮೆಟ್ಟಿಲ ಮೇಲೆ ಕುಳಿತುಕೊಂಡ. "ಹಂಗಾದ್ರೆ ನಾನೇ ತಪ್ಪು ನೋಡಿದ್ದೆ" ಎಂದ. "ಅವತ್ತು ಹಿಮ ಉದುರ್ತಿತ್ತು ಅಣ್ಣ. ಚಿಮಣಿ ಒಂದ್ಸಲ ಕಂಡ್ರೆ ಒಂದ್ಸಲ ಕಾಣ್ತಿರ್ಲಿಲ್ಲ. ಕಂಡಂಗೆ ಹೇಳ್ಬಿಟ್ಟೆ. ನೀನು ಮೆಟ್ಲ ಮೇಲೆ ಬೈದಾಗ ಉತ್ತರ ಕೊಡೋಕೆ ನಂಗೆ ಬಾಯೇ ಬರ್ಲಿಲ್ಲ. ಸುಳ್ಳಂತೂ ಹೇಳಿರ್ಲಿಲ್ಲ, ಆ ಎರಡು ಮೀನೂ ಸರೋವರದ ಆಚೆ ಕಡೆ ಆಳದ ಬಂಡೇಲಿ ಸಿಕ್ಕಿದ್ದು. ಆದ್ರೆ ಅಪ್ಪನ ಕಲ್ಲನ್ನೆಲ್ಲ ಕಳೆದವನು ನಾನೇ ಇರ್ಬೇಕು ಅನ್ನಿಸ್ತು."

ಹನ್ನೊಂದು ವರ್ಷದ ಮೌನಕ್ಕೆ ನಾವೆಲ್ಲ ಅಹಂಕಾರವೆಂದು ಹೆಸರಿಟ್ಟಿದ್ದೆವು.

ಉರ್ಹೋ ಅಷ್ಟು ಹೊತ್ತು ಏಣಿಯ ಬುಡ ಹಿಡಿದು ನೆಲ ನೋಡುತ್ತಿದ್ದ. "ನೀನು ಸರಿಯಾಗೇ ನೋಡಿದ್ದೆ" ಎಂದ. "ಗಡ್ಡೆ ಸರೀತು. ಧಕ್ಕೆ ಮುರೀತಲ್ಲ, ಆ ಗಾಳಿಗೆ. ಅದನ್ನ ರಸ್ತೆಯಿಂದ ತಳ್ಳಿದೋನು ನಾನು. ನಂಗೆ ಗೊತ್ತಾಗ್ಬೇಕಿತ್ತು. ತಪ್ಪು ನಂದು. ನಾಲ್ಕು ಜನರ ಮುಂದೆ ಅಂದಿದ್ದೆ. ನಾಳೆ ಅದೇ ಮೆಟ್ಲ ಮೇಲೆ ನಿಂತು ಹೇಳ್ತೀನಿ."

ತೌನೋ ಜೇಬಿನ ಮೊಳೆಗಳನ್ನು ತೆಗೆದು ಎಣಿಸುವವನಂತೆ ನೋಡಿ ಮತ್ತೆ ಜೇಬಿಗೆ ಹಾಕಿದ. ಕೊನೆಗೆ, "ಮೀನು ಇತ್ತಾ?" ಎಂದು ಕೇಳಿದ.

"ಇತ್ತು."

"ಎಷ್ಟಿತ್ತು?"

"ನೀನು ಬಂದು ನೋಡು."

ಮರುದಿನ ಉರ್ಹೋ ಚರ್ಚಿನ ಮೆಟ್ಟಿಲ ಮೇಲೆ ನಿಂತು ಟೋಪಿ ತೆಗೆದು ತನ್ನ ತಪ್ಪನ್ನು ಹೇಳಿದ. ನಾಲ್ಕಕ್ಕೆ ಬದಲು ಅರವತ್ತು ಜನ ಕೇಳಿದರು. ಪಾದ್ರಿಗಳ ಉಪದೇಶಕ್ಕಿಂತ ಚಿಕ್ಕದಾಗಿತ್ತು, ಅರ್ಥವೂ ಬೇಗ ಆಯಿತು. ಮಧ್ಯಾಹ್ನ ಅಣ್ಣತಮ್ಮಂದಿರು ದೋಣಿಯಲ್ಲಿ ಹೊರಟಾಗ ನನ್ನನ್ನೂ ಕರೆದರು. ಲಂಗರನ್ನು ಮಾತ್ರ ತೌನೋ ತನ್ನದೇ ತಂದು ತಾನೇ ಕಟ್ಟಿದ. ಗಾಳಿಯ ನೇರಕ್ಕೆ ಹೋಗಿ, ಸೀಸದ ಗುಂಡು ಬಿಟ್ಟು ಹುಡುಕಿ, ಕಲ್ಲಿನ ಮೇಲೆ ನಿಂತಾಗ ಹೊಸ ಗುರುತು ಹಿಡಿಯುವ ಮಾತು ಬಂತು. ಗೋಪುರದ ಕೆಳಗೆ ಬರುವುದು ಕೆಂಪು ಕೊಟ್ಟಿಗೆಯ ಎಡಮೂಲೆಯೋ ಬಲಮೂಲೆಯೋ ಎಂದು ಇಬ್ಬರಿಗೂ ವಾದ ಹತ್ತಿಕೊಂಡಿತು. ನಿನ್ನ ಕಣ್ಣಿಗೆ ಪೊರೆ ಬಂದಿದೆಯೆಂದು ತೌನೋ, ನಿನ್ನ ಕಣ್ಣು ಯಾವಾಗ ಸರಿಯಿತ್ತೆಂದು ಉರ್ಹೋ. ನನ್ನ ಗಾಳದ ದಾರ ಭಾರವಾಗತೊಡಗಿತ್ತು. ಅವರ ಮಾತಿಗೆ ಅಡ್ಡಬರುವ ಮನಸ್ಸಾಗದೆ, ಮೀನನ್ನು ಸದ್ದಿಲ್ಲದೆ, ಉರ್ಹೋ ಹೇಳಿಕೊಟ್ಟಿದ್ದಷ್ಟು ನಿಧಾನವಾಗಿ ಮೇಲಕ್ಕೆ ಎತ್ತತೊಡಗಿದೆ.