ಸರ್ವೆ ಮರದ ಹೂವು

ಅಕ್ಕಯಮ್ಮನ ವಿಷಯ ಬರೆಯುವ ಮೊದಲು ನನ್ನ ಮೂರ್ಖತನವನ್ನು ಬರೆದುಬಿಡುತ್ತೇನೆ. ೧೯೬೧ರಲ್ಲಿ ನಾನು ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸ ವಿಜ್ಞಾನದ ಟೀಚರು. ಅಕ್ಕಯಮ್ಮ ಅಲ್ಲಿ ಕಸ ಗುಡಿಸಿ ಗಿಡಕ್ಕೆ ನೀರು ಹಾಕುವ ಆಯಾ. ದಿಬ್ಬೂರಹಳ್ಳಿಯವಳು, ಓದು ಬಾರದವಳು, ಮಹಾ ಹಟಮಾರಿ.

ಆ ಬೇಸಗೆ ವಿಜ್ಞಾನದ ತರಗತಿಗೆ ಮಂಜೂರಾತಿ ಕೊಡಲು ಇನ್ಸ್‌ಪೆಕ್ಟರು ಬರುವವರಿದ್ದರು. ಸಸ್ಯಗಳ ಐದು ಗುಂಪಿಗೂ ಒಂದೊಂದು ಹಸಿ ಮಾದರಿ ಮೇಜಿನ ಮೇಲಿರಬೇಕೆಂದು ಕಾಗದ ಬರೆದಿದ್ದರು. ಮಂಜೂರಾಗದಿದ್ದರೆ ನಮ್ಮ ಹುಡುಗಿಯರಿಗೆ ವಿಜ್ಞಾನವಿಲ್ಲ. ನರ್ಸ್ ಆಗಬೇಕೆಂದಿದ್ದ ಅಕ್ಕಯಮ್ಮನ ಮಗಳು ಚಿಕ್ಕವೆಂಕಟಮ್ಮನಿಗೂ ಇಲ್ಲ.

“ಏನೇನ್ ಬೇಕೋ ಹೇಳಿ ಟೀಚರಮ್ಮ, ನಾನ್ ತರ್ತೀನಿ,” ಎಂದಳು ಅಕ್ಕಯಮ್ಮ.

ಹೇಳಿದೆ. ಬೇರು, ಕಾಂಡ, ಎಲೆ ಯಾವುದೂ ಇಲ್ಲದ ಪಾಚಿ. ಎಲೆಯಂಥದ್ದಿದ್ದರೂ ನಿಜವಾದ ಬೇರಿಲ್ಲದ ಹಾವಸೆ. ಬೇರು, ಎಲೆ ಎಲ್ಲ ಇದ್ದೂ ಬೀಜವಿಲ್ಲದ ಜರೀಗಿಡ. ಹೂ ಬಿಡದೆ ಬೀಜವನ್ನು ಬಯಲಲ್ಲೇ ಹೊರುವ ಗಿಡ. ಕೊನೆಗೆ, ಹೂ ಬಿಟ್ಟು ಕಾಯಿಯೊಳಗೆ ಬೀಜ ಮುಚ್ಚಿಡುವ ಗಿಡ.

ಮಾರನೆಯ ದಿನವೇ ಕೆರೆಯಿಂದ ಪಾಚಿ ಬಂತು, ತೋಟದಿಂದ ಬದನೆ ಗಿಡ ಬಂತು. ಈ ಬಿಸಿಲಲ್ಲಿ ಜರೀಗಿಡ ಎಲ್ಲಿ ಸಿಕ್ಕೀತೆಂದು ನಾನು ಕೈಚೆಲ್ಲಿ ಕೂತಿದ್ದರೆ, ಅವಳು ಸೊಂಟಕ್ಕೆ ಹಗ್ಗ ಬಿಗಿದು ಹಳೇ ಬಾವಿಗಿಳಿದಳು. ಕಲ್ಲುಸಂದಿಯಿಂದ ಹಾವಸೆ, ಜರೀಗಿಡ ಎರಡನ್ನೂ ಕಿತ್ತು ತಂದಳು. ಮೊಣಕೈ ತರಚಿಹೋಗಿತ್ತು.

ನಾಲ್ಕನೆಯದನ್ನು ನಾನೇ ತಂದೆ, ಸರ್ವೆ ಕೊಂಬೆ. ಸೂಜಿಯಂಥ ಎಲೆ, ಗಟ್ಟಿ ಕಾಯಿ ನೋಡಿ ಅದು ಹೂ ಬಿಡದ ಪೈನ್ ಮರದ ತಮ್ಮನೇ ಎಂದುಕೊಂಡಿದ್ದೆ.

“ಇದು ಹೂ ಬಿಡ್ತೈತಲ್ಲಮ್ಮ! ಸರ್ವೆ ತೋಪಲ್ಲಿ ಕೂಲಿ ಮಾಡಿದೀನಿ, ನೋಡಿದೀನಿ. ಚಿಟಿಕೆ ಕುಂಕುಮದಂಗೆ ಕೆಂಪಗಿರ್ತೈತೆ.”

“ನನಗೇ ಪಾಠ ಹೇಳ್ತೀಯಾ? ಹೋಗಿ ಕಸ ಗುಡಿಸು,” ಎಂದು ರೇಗಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಅವಳು ಕೆಲಸಕ್ಕೇ ಬರಲಿಲ್ಲ. ಇನ್ಸ್‌ಪೆಕ್ಟರು ಬರುವ ದಿನ ಬೆಳಗ್ಗೆ ನೋಡಿದರೆ, ನನ್ನ ಸರ್ವೆ ಬದನೆಯ ಪಕ್ಕಕ್ಕೆ ಹೋಗಿತ್ತು. ಜೊತೆಗೆ ಕೆಂಪು ಹೂವಿನ ಇನ್ನೊಂದು ರೆಂಬೆ. ನಾಲ್ಕನೆಯ ಜಾಗದಲ್ಲಿ ಕಂದು ಬಣ್ಣದ ವಿಚಿತ್ರ ಎಲೆ, ಅದರ ಅಂಚಿಗೆ ಬಯಲಲ್ಲೇ ಕೂತ ದಪ್ಪ ಬೀಜಗಳು.

“ಚಿಕ್ಕಬಳ್ಳಾಪುರದಾಗೆ ಒಬ್ಬ ವಕೀಲರ ಮನೇದು,” ಎಂದಳು. “ಹಿಂದೆ ಅಲ್ಲಿ ನೀರು ಹಾಕ್ತಿದ್ದೆ. ಈಚಲ ಹಂಗಿರೋ ಗಿಡ. ಹೂವೇ ಬಿಡಲ್ಲ.”

ಭೂತಗನ್ನಡಿ ಹಿಡಿದು ಕೆಂಪು ಚಿಟಿಕೆಯನ್ನು ನೋಡಿದೆ. ಹೂವೇ. ಎಲ್ಲವನ್ನೂ ಅವಳಿಟ್ಟಂತೆಯೇ ಬಿಟ್ಟೆ.

ಇನ್ಸ್‌ಪೆಕ್ಟರು ಮೇಜಿನ ಮುಂದೆ ನಿಂತು, “ಸರ್ವೆಯನ್ನ ಹೂಗಿಡದ ಜೊತೆ ಇಟ್ಟಿದೀರಿ! ಓದಿದವರೇ ಇಲ್ಲಿ ಎಡವುತ್ತಾರೆ. ಇದು ಯಾರ ಕೆಲಸ, ಪಂಕಜಮ್ಮ?” ಎಂದರು.

‘ನಂದೇ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಾಚೆ ಪೊರಕೆಯ ಸದ್ದು ನಿಂತಿತು.

“ನಮ್ಮ ಅಕ್ಕಯಮ್ಮನ ಕೆಲಸ ಸಾರ್. ನಾನು ತಪ್ಪಿಟ್ಟಿದ್ದೆ.”

ಮಂಜೂರಾಯಿತು. ಮೊದಲ ಪಾಠದ ದಿನ ಚಿಕ್ಕವೆಂಕಟಮ್ಮ ಮುಂದಿನ ಬೆಂಚಿನಲ್ಲಿದ್ದಳು. ಬಾಗಿಲಾಚೆ ಅದೇ ಪೊರಕೆಯ ಸದ್ದು.

“ಒಳಗೆ ಬನ್ನಿ ಅಕ್ಕಯಮ್ಮ, ಸರ್ವೆ ವಿಷಯ ನೀವೇ ಹೇಳಿ,” ಎಂದೆ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು.