ಎರಡನೇ ಸಲ ಕೇಳದ ಕಾಲೇಜು

ಹೋದ ಗುರುವಾರ ಬೆಳಿಗ್ಗೆ ಆರು ಗಂಟೆಗೆ ಶಿರಸಿಯ ನಮ್ಮ ಮನೆಯಲ್ಲಿ ಫೋನಿಗೆ ಆರತಿ ಎತ್ತುವುದೊಂದು ಬಾಕಿ. ಅದನ್ನು ಒರೆಸಿ, ಟೀಪಾಯಿಯ ಮೇಲಿಟ್ಟು, ಸುತ್ತ ನಾಲ್ಕು ಜನ ಕೂತಿದ್ದೆವು. ಯಾರೂ ಮುಟ್ಟುವ ಹಾಗಿಲ್ಲ. ಡಯಲ್ ಟೋನ್ ಇದೆಯೋ ಇಲ್ಲವೋ ನೋಡುವುದಕ್ಕೂ ಇಲ್ಲ. (ನೋಡುವ ಹೊತ್ತಿಗೇ ಅವರು ಮಾಡಿಬಿಟ್ಟರೆ?)

ಅವರು ಅಂದರೆ ಅಮೆರಿಕದ ಒಂದು ಪುಟ್ಟ ಕಾಲೇಜಿನವರು. ಕಾಯುತ್ತಿದ್ದವಳು ನನ್ನ ಅಕ್ಕನ ಮಗಳು ವಿನುತಾ. ಭೈರುಂಬೆ ಕಡೆಯ ಅವರ ಮನೆಯ ಫೋನು ತಿಂಗಳಲ್ಲಿ ಅರ್ಧಕ್ಕರ್ಧ ಮೌನವ್ರತದಲ್ಲಿರುತ್ತದೆ. ಹಾಗಾಗಿ ಅಪ್ಪ ಅಮ್ಮನ ಜೊತೆ ಹಿಂದಿನ ದಿನವೇ ನಮ್ಮಲ್ಲಿಗೆ ಬಂದಿದ್ದಳು.

ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಈ ಕಾಲೇಜನ್ನು ಹುಡುಕಿದ್ದು ಅವಳೇ. ಲಿಬರಲ್ ಆರ್ಟ್ಸ್ ಕಾಲೇಜಂತೆ. ಗಣಿತ ಓದುವವರು ನಾಟಕವನ್ನೂ ಓದಬಹುದಂತೆ. ಹೊರದೇಶದ ಮಕ್ಕಳಿಗೆಂದೇ ಅವರ ವೆಬ್‌ಸೈಟಿನಲ್ಲಿ ಒಂದು ಪುಟ ಇದೆಯಂತೆ. ‘ಬರುವಾಗ ನಿಮ್ಮ ಊರನ್ನೂ ಜೊತೆಗೆ ತನ್ನಿ’ ಎಂದು ಅದರಲ್ಲಿ ಬರೆದಿದ್ದಾರಂತೆ.

“ಆರ್ಟ್ಸ್ ಓದಲೆ ಅಲ್ಲೀವರೆಗೆ ಎಂತಕ್ಕೆ? ಶಿರಸೀಲಿ ಇಲ್ಯಾ?” ಇದು ಭಾವನ ಪ್ರಶ್ನೆ. ಭಾವ ಅಂದರೆ ವಿನುತಾಳ ಅಪ್ಪ. ಅವರದೇನು ತಪ್ಪು? ನಮ್ಮಲ್ಲಿ ಜಾಣರು ಸೈನ್ಸ್, ಉಳಿದವರು ಆರ್ಟ್ಸ್ ಎಂದು ಯಾವತ್ತೋ ಪಾಲಾಗಿ ಹೋಗಿದೆ. ವಿನುತಾ ಸೈನ್ಸಿನಲ್ಲೂ ಜಾಣೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಆದರೆ ಆ ಹೆಸರು ಎತ್ತಿದರೆ ಸಾಕು, ಹುಡುಗಿಯ ಮುಖ ಬಾಡುತ್ತದೆ.

ಅವಳ ಜೀವ ಇರುವುದು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ. ಸಿದ್ದಾಪುರ, ಯಲ್ಲಾಪುರ ಎಲ್ಲ ಕಡೆ ಅರ್ಥ ಹೇಳಿ ಬಂದಿದ್ದಾಳೆ. ಅರ್ಥ ಅಂದರೆ ಬರೆದುಕೊಟ್ಟ ಮಾತಲ್ಲ, ಎದುರಿನವರು ಹಾಕಿದ ಪ್ರಶ್ನೆಗೆ ಅಲ್ಲಿಂದಲ್ಲಿಗೇ ಉತ್ತರ. ತಲೆ ನರೆತವರಿಗೂ ನೀರಿಳಿಸಿದ್ದಾಳೆ. ಈ ಬಾಯಿ ಇದ್ದರೆ ಫೋನ್ ಇಂಟರ್‌ವ್ಯೂ ಯಾವ ಲೆಕ್ಕ ಎಂದು ನಾನು ಧೈರ್ಯವಾಗಿದ್ದೆ.

ಫೋನು ಬಂತು. ಸ್ಪೀಕರ್ ಒತ್ತಿದೆವು.

ಆ ಕಡೆಯ ಹೆಂಗಸಿನ ದನಿ ಹಿತವಾಗಿತ್ತು. ಊರು, ಮನೆ, ತಿಂಡಿ ಎಲ್ಲ ವಿಚಾರಿಸಿದರು. ಆಮೇಲೆ ಕೇಳಿದರು, “ನೀನು ವೇದಿಕೆಯ ಮೇಲೆ ವಾದ ಮಾಡುತ್ತೀಯಂತೆ. ನನಗೀಗ ಸ್ವಲ್ಪ ಮಾಡಿ ತೋರಿಸುತ್ತೀಯಾ?”

“ನೋ ನೋ ಮ್ಯಾಡಮ್, ಐ ಡೋಂಟ್ ನೋ ಮಚ್” ಎಂದಳು ನಮ್ಮ ಹುಡುಗಿ.

ನಮಗ್ಯಾರಿಗೂ ಏನೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ? ಒಂದು ಹಾಡು ಹೇಳು ಎಂದರೆ “ಎನಗೆಂತ ಬತ್ತಿಲ್ಲೆ” ಎನ್ನಬೇಕು. ಹೋಳಿಗೆ ತಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು. (ಬೆರಳ ಸಂದಿ ಮಾತ್ರ ಅಗಲ ಇರಲಿ.) ಅವರು ಒತ್ತಾಯ ಮಾಡಬೇಕು, ಇವರು ಸೋಲಬೇಕು. ಮೊದಲ ಸಲಕ್ಕೇ ಹೂಂ ಎಂದವರನ್ನು ನಮ್ಮ ಕಡೆ ಮೂರು ಮದುವೆಯವರೆಗೆ ಆಡಿಕೊಳ್ಳುತ್ತಾರೆ. ಈಗ ಆ ಹೆಂಗಸು ಇನ್ನೊಂದು ಸಲ ಕೇಳುತ್ತಾರೆ, ಇವಳು ಗಂಟಲು ಸರಿ ಮಾಡಿಕೊಂಡು ಶುರು ಮಾಡುತ್ತಾಳೆ ಎಂದು ಕಾದೆವು.

“ಓಕೆ, ದಟ್ಸ್ ಫೈನ್” ಎಂದು ಅವರು ಮುಂದೆ ಹೋದರು!

ನಮ್ಮ ಕಾಲೇಜಿನಲ್ಲಿ ಓದುವ ನೇಪಾಳದ ಹುಡುಗಿಯ ಹತ್ತಿರ ಮಾತಾಡುತ್ತೀಯಾ? ಬೇಡ, ಸುಮ್ಮನೆ ಅವರಿಗೆ ತೊಂದರೆ. ಏನಾದರೂ ಕೇಳುವುದಿದೆಯಾ? ಏನಿಲ್ಲ. ಸೀಟು ಕೊಟ್ಟರೆ ಬರುತ್ತೀಯಾ? ದೊಡ್ಡವರು ಹೇಳಿದ ಹಾಗೆ. ಊರನ್ನು ಜೊತೆಗೆ ತನ್ನಿ ಎಂದಿದ್ದರಲ್ಲ, ಪೂರ್ತಿ ತಂದಿದ್ದಳು. ಅವರು ಥ್ಯಾಂಕ್ಯೂ ಹೇಳಿ ಫೋನಿಟ್ಟರು.

ಭಾವನಿಗೆ ಖುಷಿಯೋ ಖುಷಿ. “ಎಷ್ಟು ಚೊಲೋ ಮಾತಾಡ್ಚು ಕೂಸು! ಒಂಚೂರೂ ದೊಡ್ಡಸ್ತಿಕೆ ಇಲ್ಲೆ.” ವಿನುತಾ ಮಾತ್ರ ರಿಸೀವರನ್ನೇ ನೋಡುತ್ತ ಕೂತಿದ್ದಳು. ಮೆಲ್ಲಗೆ ಹೇಳಿದಳು, “ಚಿಕ್ಕೀ, ಅವು ಇನ್ನೊಂದ್ಸಲ ಕೇಳಲೇ ಇಲ್ಲೆ.”

ಅಷ್ಟು ಹೇಳಿ ಅತ್ತಳು. ಸಭೆಯಲ್ಲಿ ಯಾರಿಗೂ ಸೋಲದ ಹುಡುಗಿ ಹಾಗೆ ಕೂತು ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ. “ಏಳೇ, ನಾವೇ ಫೋನ್ ಮಾಡನ” ಎಂದೆ. ಭಾವ ಬೆಚ್ಚಿದರು. “ಕೇಳ್ದೇ ಇಪ್ಪಲ್ಲಿ ನಾವಾಗೇ ಹೋಗಿ ಹೇಳಿಕೊಳ್ಳದಾ? ಮರ್ಯಾದೆ ಎಂತಾಗ್ತು?” ನಮ್ಮ ಮರ್ಯಾದೆ ಸಮುದ್ರದ ಆಚೆಗೂ ಕಾಣುತ್ತದೆ ಎಂದು ಅವರಿಗೆ ಯಾರು ಹೇಳಿದರೋ!

ನಮ್ಮ ಫೋನಿಗೆ ಐಎಸ್‌ಡಿ ಇಲ್ಲ. ಬೂತಿನವನು ಬಾಗಿಲು ತೆಗೆಯುವುದನ್ನೇ ಕಾದು ನಿಂತೆವು. ಅವಳು ಗಾಜಿನ ಗೂಡಿನೊಳಗೆ, ನಾವು ಹೊರಗೆ. ಮೊದಲು ತಲೆ ತಗ್ಗಿಸಿ ನಿಂತಿದ್ದಳು. ನಿಧಾನಕ್ಕೆ ಕುತ್ತಿಗೆ ಮೇಲೆ ಬಂತು. ಆಮೇಲೆ ಬಲಗೈ ಎದ್ದಿತು. ಗಾಜು ದಾಟಿ ದನಿ ಹೊರಗೆ ಕೇಳತೊಡಗಿತು. ಕನ್ನಡದಲ್ಲಿ ಒಂದು ಮಾತು, ಅದರ ಅರ್ಥ ಇಂಗ್ಲಿಷಿನಲ್ಲಿ, ಮತ್ತೆ ಕನ್ನಡ. ಜೆರಾಕ್ಸ್ ಮಾಡಿಸಲು ಬಂದವರೂ ಗೂಡಿನ ಕಡೆ ತಿರುಗಿ ನಿಂತರು. ನಡುವೆ ಎರಡು ಸಲ ಲೈನ್ ಕಟ್ಟಾಯಿತು. ಎರಡು ಸಲವೂ ಮತ್ತೆ ನಂಬರ್ ಒತ್ತಿ, ಬಿಟ್ಟಲ್ಲಿಂದಲೇ ಹಿಡಿದಳು.

ಬೆವರಿಕೊಂಡು ಹೊರಬಂದಳು. “ಎಂತ ಹೇಳಿದ್ವೇ?” ಎಂದು ಕೇಳಿದೆ.

“ಅವು ಇತ್ತಿದ್ವಿಲ್ಲೆ ಚಿಕ್ಕಿ. ಮೆಷಿನ್ನು. ಮೆಸೇಜ್ ಬಿಡಿ ಹೇಳ್ಚು. ಅದಕ್ಕೇ ಹೇಳ್ದಿ.”

ನಗಬೇಕೋ ಅಳಬೇಕೋ? ಎದುರಿಗೆ ಮಾತಾಡುವವರೇ ಇಲ್ಲದೆ ಅರ್ಥ ಹೇಳಿ ಬಂದಿದ್ದಳು. ಅವರು ಅದನ್ನು ಕೇಳಿಸಿಕೊಂಡರಾ? ಇಷ್ಟವಾಯಿತಾ? ಹುಚ್ಚು ಹುಡುಗಿ ಅಂದುಕೊಂಡರಾ? ಒಂದೂ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಗೊತ್ತಿಲ್ಲ. ನನಗೆ ಸರಿಯಾಗಿ ಊಟ ಸೇರುತ್ತಿಲ್ಲ. ನಮ್ಮಲ್ಲೇ ಉಳಿದಿರುವ ವಿನುತಾ ದಿನಕ್ಕೆ ಎರಡು ಸಲ ಸೈಬರ್ ಕೆಫೆಗೆ ಹೋಗಿ ಮೇಲ್ ನೋಡಿ, ಅದೇ ಮುಖ ಹೊತ್ತುಕೊಂಡು ವಾಪಸ್ ಬರುತ್ತಿದ್ದಾಳೆ.

ನಿನ್ನೆ ಸಂಜೆ ಭಾವ ಊರಿಂದ ಫೋನ್ ಮಾಡಿದ್ದರು. ಅಕ್ಕ ಹತ್ತಿರ ಇರಲಿಲ್ಲವೇನೋ, ದನಿ ತಗ್ಗಿಸಿದ್ದರು. ಉತ್ತರ ಬಂತಾ ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

“ತಂಗೀ, ಅವು ಬಾ ಹೇಳಿ ಕರದ್ರೆ, ಕೂಸು ಒಂದೇ ಸಲಕ್ಕೆ ಹೂಂ ಹೇಳಿಬಿಡ್ತಾ?”