ಬಾಜೂ ಇದ್ದವರಿಗೂ ಬಂತೇನ್ರಿ?

ಅವರ ತಲೆಗೂದಲಲ್ಲಿ ಯಾವಾಗ ನೋಡಿದರೂ ಬಿಳಿ ಪೇಸ್ಟು ಒಣಗಿ ಅಂಟಿಕೊಂಡಿರುತ್ತಿತ್ತು, ಜೋಳದ ಹಿಟ್ಟು ನಾದುತ್ತಿದ್ದ ಕೈಯಿಂದಲೇ ತಲೆ ಕೆರೆದುಕೊಂಡವರ ಹಾಗೆ. ಮೈಮೇಲೆ ಮಡಿಕೆ ಮುರಿಯದ ಇಳಕಲ್ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ. ಡಾಕ್ಟರಬಾಯಿಗೆ ತಲೆ ತೊಳೆಯಲಿಕ್ಕೂ ಪುರುಸೊತ್ತಿಲ್ಲ ಅಂತ ಕಾಲೇಜಿನಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಅದು ಎಂಬತ್ತರ ದಶಕ. ಬಿಎಸ್ಸಿ ಮುಗಿಸಿ ಆಳಂದದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಅವರು ಗುಲಬರ್ಗಾದ ತಮ್ಮ ಮಿದುಳಿನ ಲ್ಯಾಬಿಗೆ ಸಂಶೋಧನಾ ಸಹಾಯಕಿ ಅಂತ ತೆಗೆದುಕೊಂಡರು. ಹೆಸರೇನೋ ದೊಡ್ಡದು. ಕೆಲಸ ಅಂದರೆ ಗಾಜಿನ ಭರಣಿಗಳಲ್ಲಿದ್ದ ಮಿದುಳುಗಳಿಗೆ ಕೆಡದ ಹಾಗೆ ಫಾರ್ಮಲಿನ್ ಬದಲಿಸುವುದು, ಮಿಷನ್ನಿನ ಪೆನ್ನುಗಳಿಗೆ ಮಸಿ ತುಂಬುವುದು, ಜೀಪು ನಿಂತರೆ ಇಳಿದು ನೂಕುವುದು. ಊರಿಗೆ ಹೋದರೆ ಅವ್ವ ನನ್ನನ್ನು ಹಿತ್ತಲಲ್ಲೇ ತಡೆದು ಮೈಮೇಲೆ ನೀರು ಸುರಿಯುತ್ತಿದ್ದಳು. "ಸತ್ತವರ ತಲಿ ಹಿಡದು ಬಂದೀದಿ, ಆ ಕೈಲೆ ರೊಟ್ಟಿ ಬುಟ್ಟಿ ಮುಟ್ಟಬ್ಯಾಡ ಬೇ" ಅನ್ನುತ್ತಿದ್ದಳು.

ಲ್ಯಾಬಿನಲ್ಲಿ ನಾವು ಮೂವರೇ. ನಾವು ಬರೀ ಬಾಯಿ ಅಂತ ಕರೆಯುತ್ತಿದ್ದ ಡಾಕ್ಟರು, ನಾನು, ಮತ್ತೆ ಅಟೆಂಡರ್ ಚಾಚಾ. ಬೆಳಗ್ಗೆ ಬಾಯಿಯ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಚಾಚಾ ಹೆಗಲ ಮೇಲಿನ ಟವೆಲ್ಲಿನಿಂದ ಅವರ ಸ್ಟೂಲು ಒರೆಸಿ ಮೇಜಿನ ಹತ್ತಿರ ಎಳೆದಿಡುತ್ತಿದ್ದರು. ಅವರು ಆ ಸ್ಟೂಲನ್ನು ಬೇರೆ ಯಾರಿಗಾಗಿಯೂ ಎಳೆದದ್ದನ್ನು ನಾನು ನೋಡಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ಮೂರ್ಛೆ ಬೀಳುವವರನ್ನು ಹುಡುಕಿ ಪರೀಕ್ಷಿಸುವುದು ನಮ್ಮ ಸಂಶೋಧನೆ. ತಲೆಗೆ ಪೇಸ್ಟು ಹಚ್ಚಿ ವೈರು ಅಂಟಿಸಿದರೆ, ಮಿದುಳಿನ ಕರೆಂಟನ್ನು ಮಿಷನ್ನಿನ ಪೆನ್ನುಗಳು ಉರುಳುವ ಕಾಗದದ ಮೇಲೆ ಗೀಚುತ್ತಿದ್ದವು. ಹತ್ತಿರ ಹಿಟ್ಟಿನ ಗಿರಣಿ ನಡೆಯುತ್ತಿದ್ದರೆ ಪೆನ್ನು ಕುಣಿದಾಡುತ್ತಿತ್ತು, ಅದಕ್ಕೆ ನಾವು ಹೋದ ದಿನ ಗಿರಣಿ ಬಂದ್ ಮಾಡಿಸುತ್ತಿದ್ದೆವು. ಊರೆಲ್ಲ ಉಸಿರು ಹಿಡಿದು ಕೂತಂತೆ ಆಗುತ್ತಿತ್ತು. ಪೆನ್ನಿನ ಕರಕರ ಒಂದೇ ಸಪ್ಪಳ.

ಈ ಮಿಷನ್ನು ಮನಸ್ಸಿನ ಮಾತು ಬರೆಯುತ್ತದೆ ಅಂತ ಹಳ್ಳಿಯಲ್ಲಿ ಸುದ್ದಿ. ಜೇವರ್ಗಿ ಕಡೆ ಒಬ್ಬ ಅತ್ತೆ, ಸೊಸೆಗೆ ವೈರು ಅಂಟಿಸುತ್ತಿದ್ದ ನನ್ನ ಕಿವಿಯಲ್ಲಿ, "ಅಕಿ ತವರಮನಿ ಮಾತು ಏನರೆ ಬಂದ್ರ ನನಗಷ್ಟ ಹೇಳವ್ವ" ಅಂದಳು. ಬಾಯಿಗೆ ಕೇಳಿಸಿಬಿಟ್ಟಿತು. "ಮೊದಲ ನಿಮ್ಮ ತಲಿಗಿ ಹಚ್ಚೂಣ್ರಿ, ಸೊಸಿ ಓದ್ಲಿ" ಅಂದರು. ನೀರು ತರುತ್ತೇನೆ ಅಂತ ಎದ್ದ ಅತ್ತೆ ತಿರುಗಿ ಬರಲೇ ಇಲ್ಲ.

ಜನರ ಹೆದರಿಕೆ ಬಿಡಿಸಲು ಬಾಯಿ ಪ್ರತಿ ಊರಲ್ಲೂ ಮೊದಲು ತಮ್ಮ ತಲೆಗೇ ವೈರು ಅಂಟಿಸಿಕೊಳ್ಳುತ್ತಿದ್ದರು. ಅವರ ಕೂದಲಿನ ಪೇಸ್ಟು ಅದೇ. "ನೋಡ್ರಿ, ನಾ ಏನ್ ನೆನಸಾಕತ್ತೇನಿ ಯಾರರೆ ಓದ್ರಿ" ಅಂತ ನಗುತ್ತಾ ಕೂತುಬಿಡುತ್ತಿದ್ದರು.

ಆಮೇಲೆ ಪ್ರಶ್ನೆ ಕೇಳುವುದು ನನ್ನ ಪಾಳಿ. ಕೆಲವರಿಗೆ ಮೂರ್ಛೆ ಬರುವ ಮುಂಚೆ ಇಲ್ಲದ ವಾಸನೆ ಬರುತ್ತದೆ, ಅದು ಮಿದುಳಿನ ಒಂದು ಜಾಗದ ಗುರುತು. ಬಿದ್ದವರ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ಪದ್ಧತಿ ಕಂಡರೆ ಬಾಯಿಗೆ ಸಿಟ್ಟು. "ಉಳ್ಳಾಗಡ್ಡಿ ಘಾಟಿನಾಗ ಮೊದಲ ಬಂದ ವಾಸನಿ ಮರ್ತ ಹೋಗ್ತದ್ರಿ" ಎಂದು ಕೈ ಹಿಡಿದು ಕಸಿದುಕೊಳ್ಳುತ್ತಿದ್ದರು. ನನಗೆ ಕಲಿಸಿದ್ದು ಇಷ್ಟು: ವಾಸನೆಯ ಹೆಸರನ್ನು ನಾವು ಅವರ ಬಾಯಿಗೆ ಇಡಬಾರದು. ಕೊನೆಯ ಪ್ರಶ್ನೆ ಮರೆಯಬಾರದು. "ಬಾಜೂ ಇದ್ದವರಿಗೂ ಬಂತೇನ್ರಿ?" ಬಾಜೂದವರಿಗೂ ಬಂದಿದ್ದರೆ ಅದು ಹೊರಗಿನ ವಾಸನೆ. ಇಲ್ಲದಿದ್ದರೆ ಅದು ತಲೆಯೊಳಗಿನದು.

ಮಣ್ಣೂರಿನಲ್ಲಿ ಭೀಮಾ ದಂಡೆಯ ಒಂದು ವಾಡೆಯ ಪಡಸಾಲೆಯಲ್ಲಿ ಕೂತಿದ್ದೆವು. ಗಿರಣಿ ನಿಂತಿತ್ತು. ವೈರು ಅಂಟಿಸಿಕೊಂಡು ಕೂತ ಬಾಯಿ ಜನರ ಜೊತೆ ಮಾತಾಡುತ್ತಿದ್ದವರು ನಡುವೆಯೇ ಮೂಗು ಅರಳಿಸಿ, "ಯಾರ ಮನ್ಯಾಗೋ ಶೇಂಗಾ ಸೀದಾವ ನೋಡ್ರಿ" ಅಂದರು. ನನ್ನ ಕಣ್ಣು ಕಾಗದದ ಮೇಲಿತ್ತು. ಅದೇ ಗಳಿಗೆಗೆ ತಲೆಯ ಎಡಗಡೆಯ ಪೆನ್ನುಗಳು ಚೂಪಾಗಿ ಎದ್ದವು, ಬಿದ್ದವು, ಮತ್ತೆ ಎದ್ದವು. ಅಂಥ ಗೆರೆಗಳನ್ನು ನಾನು ಎಷ್ಟೋ ಮೂರ್ಛೆಯವರ ತಲೆಯಿಂದ ಇಳಿಸಿದ್ದೆ. ಅವರ ತಲೆಯಿಂದ ಎಂದೂ ಇಳಿಸಿರಲಿಲ್ಲ.

ಚಾಚಾ ಗಾಳಿ ಮೂಸಿ ನೋಡಿದರು. "ಇಲ್ರಿ ಬಾಯಿ, ನನಗೇನೂ ಬರವಲ್ದು."

ಬಾಯಿ ನನ್ನ ಮುಖ ನೋಡಿದರು. ಅವರಿಗೆ ಕಾಗದ ನೋಡುವ ಅಗತ್ಯ ಬೀಳಲಿಲ್ಲ.

"ಕೇಳು ತಂಗಿ" ಅಂದರು.

"ಏನ್ರಿ ಬಾಯಿ?"

"ಎಲ್ಲಾರಿಗೂ ಏನ್ ಕೇಳ್ತೀದಿ, ಅದ ಕೇಳು."

ಅವರಿಗೇ ಕೇಳಬೇಕಾಗುತ್ತದೆ ಅಂತ ನಾನು ಎಣಿಸಿರಲಿಲ್ಲ. ಆದರೂ ಕೇಳಿದೆ. "ಈ ವಾಸನಿ ಮೊದಲ ಯಾವಾಗರೆ ಬಂದಿತ್ತೇನ್ರಿ?"

"ಬಂದಿತ್ತು. ಶ್ರಾವಣದಾಗಿಂದ ಬರಾಕತ್ತದ."

"ಬಾಜೂ ಇದ್ದವರಿಗೂ ಬಂತೇನ್ರಿ?"

ಬಾಯಿ ಹಣೆಯ ಮೇಲಿನ ವೈರನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ಊರ ಮಂದಿಗೆಲ್ಲ ಕೇಳಿದೆ. ನಂದು ನಾ ಕೇಳ್ಕೋಲಿಲ್ಲ ನೋಡು" ಅಂದರು. ಆಮೇಲೆ ವೈರು ಬಿಚ್ಚಿಸಿಕೊಂಡು, ಕಾದು ಕೂತಿದ್ದವರಲ್ಲಿ ಮೊದಲನೆಯವಳನ್ನು ಕರೆದರು. ಅವತ್ತಿನ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ.

ಹೈದರಾಬಾದಿನಲ್ಲಿ ತಲೆಯ ಸ್ಕ್ಯಾನ್ ಆಯಿತು. ಎಡಗಡೆ ಗಡ್ಡೆ ಇತ್ತು, ಕೈ ಹಾಕುವಂಥ ಜಾಗದಲ್ಲಿರಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅವರಿಗೆ ಮಾತು ತಡವರಿಸುತ್ತಿತ್ತು, ನನ್ನ ಹೆಸರೂ ಒಮ್ಮೊಮ್ಮೆ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಂಚದ ಹತ್ತಿರ ಕರೆದು, ತಮ್ಮ ಮಿದುಳನ್ನು ನಮ್ಮ ಲ್ಯಾಬಿಗೇ ಬರೆದುಕೊಟ್ಟಿರುವುದಾಗಿ ಹೇಳಿದರು.

"ಬ್ಯಾರೆಯವರು ಮುಟ್ಟೂಕಿಂತ ಮೊದಲ ನೀ ಹಿಡದು ನೋಡು. ಎಲ್ಲದ, ಎಷ್ಟದ, ನನಗ ಹೇಳು."

"ನಿಮಗ ಹ್ಯಾಂಗ ಹೇಳಲ್ರಿ ಬಾಯಿ?" ಅಂದೆ. ಅಳು ಬಂದಿತ್ತು.

"ಬಾಯಿ ತೆರೆದು ಹೇಳು. ಇಷ್ಟ ಮಂದಿ ತಲಿ ನೋಡೇನಿ, ನಂದು ನನಗ ಗೊತ್ತಾಗದ ಹೋಗಬಾರದು."

ಮಾತು ಕೊಟ್ಟೆ. ಕೊಟ್ಟ ಮೇಲೆ ಊಟ ಸೇರಲಿಲ್ಲ. ಯಾರಾರದೋ ಮಿದುಳನ್ನು ಬದನೆಕಾಯಿ ತೊಳೆದಷ್ಟು ಸಲೀಸಾಗಿ ತೊಳೆದವಳು ನಾನು. ಇವರದನ್ನು ಹೇಗೆ ಹಿಡಿಯಲಿ? ಆ ತಾಯಿ ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರು.

ಮಿದುಳು ಭರಣಿಯಲ್ಲಿ ಗಟ್ಟಿಯಾಗಲು ಕೆಲವು ವಾರ ಬೇಕು. ಅಷ್ಟು ದಿನ ನಾನು ಆ ಕಪಾಟಿನ ಕಡೆ ತಿರುಗದೆ ಕೆಲಸ ಮಾಡಿದೆ. ಕೊಯ್ಯುವ ಡಾಕ್ಟರು ಬರುವ ದಿನ ಬೆಳಗ್ಗೆ ಕೈಗೆ ರಬ್ಬರಿನ ಗ್ಲೌಸು ಹಾಕಿಕೊಂಡು ಭರಣಿ ತೆರೆದೆ. ಚಾಚಾ ಹಿಂದೆ ನೆಲ ಒರೆಸುತ್ತಿದ್ದರು. ಹೊರಗಿನ ಗಾಳಿ ಧೂಳು ಬೇಡ ಅಂತ ಕಿಟಕಿ ಬಾಗಿಲು ಎಲ್ಲ ಹಾಕಿದ್ದೆವು, ಫ್ಯಾನೂ ನಿಂತಿತ್ತು.

ಎರಡೂ ಕೈಯಲ್ಲಿ ಎತ್ತಿಕೊಂಡೆ. ನೋಡಿದೆ. ಎಡಕ್ಕೆ, ಕಿವಿಯ ನೇರಕ್ಕೆ ಕೆಳಗಡೆ, ಮಡಿಕೆಗಳು ಉಬ್ಬಿ ಒಂದರಲ್ಲೊಂದು ಕೂಡಿಹೋಗಿದ್ದವು. ಬೆರಳಿಗೆ ಬಿರುಸಾಗಿ ಹತ್ತಿತು.

"ಎಡಕ್ಕದರಿ ಬಾಯಿ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ನೀವು ಹೇಳ್ತಿದ್ದ ವಾಸನಿ ಜಾಗದಾಗ ಅದ."

ಆಗ ವಾಸನೆ ಬಂತು.

ಫಾರ್ಮಲಿನ್ ಘಾಟಿನಲ್ಲಿ ಬೇರೆ ಏನೂ ಮೂಗಿಗೆ ಹತ್ತುವುದಿಲ್ಲ, ಅದು ಆ ಕೆಲಸ ಮಾಡಿದವರಿಗೆ ಗೊತ್ತು. ಇದು ಅದನ್ನೂ ದಾಟಿ ಬಂತು. ಮುಂದಿನ ಸರದಿ ನನ್ನದು ಅಂದುಕೊಂಡೆ. ಅವ್ವನ ಮುಖ ಕಣ್ಣ ಮುಂದೆ ಬಂತು. ಕೇಳುವುದೋ ಬಿಡುವುದೋ ಅಂತ ನಿಂತೆ, ಕಡೆಗೆ ಬಾಯಿ ಕಲಿಸಿದ ಹಾಗೆಯೇ, ಯಾವ ವಾಸನೆಯ ಹೆಸರನ್ನೂ ಹೇಳದೆ ಕೇಳಿದೆ.

"ಚಾಚಾ, ಏನರೆ ವಾಸನಿ ಬರಾಕತ್ತದೇನ್ರಿ?"

ಒರೆಸುವ ಬಟ್ಟೆಯ ಸಪ್ಪಳ ನಿಂತಿತು.

"ಹೌದವ್ವ" ಅಂದರು ಚಾಚಾ. "ಶೇಂಗಾ ಸೀದಾವ."

ಬಾಜೂದವರಿಗೂ ಬಂದಿದೆ. ಹಾಗಾದರೆ ನನ್ನ ತಲೆ ನೆಟ್ಟಗಿದೆ. ಹೋದ ಜೀವ ಬಂದಂತಾಯಿತು, ಆಮೇಲೆ ಹಾಕಿದ ಕಿಟಕಿ ಬಾಗಿಲು ನೆನಪಾಗಿ ಮೈಯೆಲ್ಲ ಮುಳ್ಳೆದ್ದಿತು. ಚಾಚಾ ಹೊರಗೆ ಹೋಗಿ ನೋಡಿ ಬರುತ್ತಾರೆ ಅಂದುಕೊಂಡೆ. ಅವರು ಹೋಗಲಿಲ್ಲ. ಬಟ್ಟೆಯನ್ನು ಬಕೀಟಿಗೆ ಹಾಕಿ, ಕೈ ತೊಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಮೂಲೆಯಲ್ಲಿದ್ದ ಸ್ಟೂಲು ಒರೆಸಿದರು. ಅದನ್ನು ಎಳೆದು ತಂದು ಮೇಜಿನ ಹತ್ತಿರ ಇಟ್ಟರು.

ನಾನು ಆ ಕಡೆ ತಿರುಗಿ, ಎಷ್ಟಿದೆ ಅನ್ನುವುದನ್ನೂ ಹೇಳಿದೆ.